ಹದಿನಾರನೇ ನಂಬರಿನ ನಿವೃತ್ತಿ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಠರಾವು ಬಿದ್ದುಹೋಯಿತು, ನಮ್ಮವರ ಹದಿನಾರನೇ ನಂಬರಿಗೆ ನಿವೃತ್ತಿ ಇಲ್ಲ, ನಾನು ಖುಷಿಯಲ್ಲಿ ಕುಣಿಯುವುದೊಂದು ಬಾಕಿ!

ನಿನಗೆ ತಲೆಬುಡ ಗೊತ್ತಾಗಿರುವುದಿಲ್ಲ. ಹೋದ ಕಾಗದದಲ್ಲಿ ಇದೇ ನಂಬರಿಗೆ ನಿವೃತ್ತಿ ಕೊಡುತ್ತಾರೆಂದು ಆರು ಪುಟ ಕುಣಿದವಳು ನಾನೇ. ಹಾಕಿ ಕ್ಲಬ್ಬಿಗೆ ಹನ್ನೆರಡು ವರ್ಷ ಗೋಲ್‌ಕೀಪರ್ ಆಗಿ ನಿಂತವರು, ಅವರು ತೊಟ್ಟ ಹದಿನಾರನ್ನು ಇನ್ನು ಯಾರೂ ತೊಡುವ ಹಾಗಿಲ್ಲ, ಜೆರ್ಸಿಗೆ ಗಾಜು ಹಾಕಿಸಿ ಕ್ಲಬ್ಬಿನ ಗೋಡೆಗೆ ಏರಿಸುತ್ತಾರೆ, ಇಂಥ ಮರ್ಯಾದೆ ಈವರೆಗೆ ಯಾರಿಗೂ ಸಿಕ್ಕಿಲ್ಲ ಎಂದೆಲ್ಲ ಬರೆದಿದ್ದೆನಲ್ಲ, ಆ ಕಾಗದವನ್ನು ಹರಿದು ಒಲೆಗೆ ಹಾಕು. ಸಮಾರಂಭಕ್ಕೆ ಬರುತ್ತೇನೆಂದು ಭಾವ ಆಫೀಸಿನಲ್ಲಿ ಆಗಲೇ ಡಂಗುರ ಹೊಡೆದಿದ್ದರೆ ನನ್ನ ಪರವಾಗಿ ಕ್ಷಮೆ ಕೇಳು.

ಇಂಗ್ಲಿಷಿನಲ್ಲಿ ಬರೆದರೆ ಕವರು ಒಡೆಯುವುದೇ ಇಲ್ಲ ಎಂದು ನೀನು ಹೆದರಿಸಿದ್ದು ಒಳ್ಳೆಯದೇ ಆಯಿತು. ನಮ್ಮ ಸ್ಕೂಲಿನಲ್ಲಿ ‘ಡಿಸ್ಗಸ್ಟಿಂಗ್’ ಎಂಬ ಒಂದೇ ಪದದಲ್ಲಿ ಹೋಂವರ್ಕಿನಿಂದ ಹಲ್ಲಿಯವರೆಗೆ ಎಲ್ಲವನ್ನೂ ಮುಗಿಸುತ್ತಿದ್ದೆವು. ಈ ವಾರ ಅದು ಸಾಲಲಿಲ್ಲ. ಅಸಹ್ಯ, ಹೇಸಿಗೆ, ವಾಕರಿಕೆ, ಅಮ್ಮ ಬೈಯುತ್ತಿದ್ದಳಲ್ಲ ‘ಥೂ, ಗಲೀಜು’, ಅದೂ ಸೇರಿ ಎಲ್ಲ ಬೇಕಾಯಿತು.

ಹೇಸಿಗೆ ಎಂದಕೂಡಲೇ ನೀನು ನಮ್ಮವರ ಕಿಟ್ ಬ್ಯಾಗಿನ ನೆನಪು ಮಾಡಿಕೊಂಡು ನಗುತ್ತೀಯ, ಗೊತ್ತು. ಮದುವೆಯಾದ ವಾರದಲ್ಲೇ, ಒಳ್ಳೆಯ ಹೆಂಡತಿಯಾಗೋಣವೆಂದು ಅದರ ಜಿಪ್ ಎಳೆದು, ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದವಳು ನಾನು. ಗೋಲ್‌ಕೀಪರ್ ಎಂದರೆ ಬಿಸಿಲಲ್ಲಿ ಹಾಸಿಗೆ ಸುತ್ತಿಕೊಂಡು ನಿಲ್ಲುವ ಕೆಲಸ ಅಕ್ಕಾ. ಕಾಲಿಗೆ ದಿಂಬಿನಂಥ ಪ್ಯಾಡು, ಎದೆಗೊಂದು, ಕೈಗೊಂದು, ಅದರ ಮೇಲೆ ಹದಿನಾರು. ಎಲ್ಲವೂ ಬಾಲ್ಕನಿಯಲ್ಲಿ ಒಣಗುತ್ತಿದ್ದರೆ ಕಾಗೆ ಕೂಡ ಆಚೆ ಮನೆಗೆ ಹೋಗುತ್ತದೆ. ಆದರೂ ಹೇಳುತ್ತೇನೆ, ಅದು ಬೆವರು. ದುಡಿದದ್ದರ ವಾಸನೆ. ಮೂಗು ಮುಚ್ಚಿಕೊಂಡು ಪ್ರೀತಿಸಬಹುದು. ನಾನು ಈಗ ಹೇಳಹೊರಟಿರುವುದಕ್ಕೆ ಮೂಗು ಮುಚ್ಚಿದರೂ ಪ್ರಯೋಜನವಿಲ್ಲ.

ಮೊದಲು ಒಂದು ನಿಜ ಒಪ್ಪಿಕೊಳ್ಳುತ್ತೇನೆ. ನಮ್ಮವರಿಗೆ ಮೊದಲಿನ ಆಟ ಇಲ್ಲ. ಕ್ಲಬ್ಬಿನಲ್ಲಿ ಅವರನ್ನು ‘ಗೋಡೆ’ ಎಂದು ಕರೆಯುತ್ತಾರೆ, ಹಾಗಾಗಿ ನನ್ನನ್ನು ‘ಗೋಡೆ ಅತ್ತಿಗೆ’ ಎನ್ನುತ್ತಾರೆ, ನಾನೂ ಹಲ್ಲುಕಿರಿದು ತಿರುಗುತ್ತಿದ್ದೆ. ಹೋದ ತಿಂಗಳ ಪಂದ್ಯದಲ್ಲಿ ಈ ಗೋಡೆ ಮಂಡಿಯೂರಿ ಒಂದು ಚೆಂಡು ತಡೆಯಿತು, ಏಳಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ ಎದುರಿನವನು ಅದೇ ಚೆಂಡನ್ನು ನಿಧಾನವಾಗಿ ಪಕ್ಕದಿಂದ ಒಳಗೆ ತಳ್ಳಿದ. ಅಂಥವು ಇನ್ನೂ ಎರಡು. ಮನೆಗೆ ಬಂದು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದರು. ಸೂರ್ಯ ಅವರ ಬೆನ್ನ ಹಿಂದೆ ಇದ್ದ. ನಾನು ಹೌದು ಹೌದು ಎಂದು ಮಂಡಿಗೆ ಎಣ್ಣೆ ತಿಕ್ಕಿದೆ.

ಇನ್ನೊಂದು ವರ್ಷ, ಒಂದೇ ಒಂದು ಟೂರ್ನಮೆಂಟು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಮಾತೆತ್ತಿದರೆ ಅದೇ.

ಹೋದ ಬುಧವಾರ ಜೆರ್ಸಿಗೆ ಚೌಕಟ್ಟು ಆರಿಸಲು ಕ್ಯಾಪ್ಟನ್ನಿನ ಹೆಂಡತಿ ನನ್ನನ್ನು ಗಾಜಿನ ಅಂಗಡಿಗೆ ಕರೆದುಕೊಂಡು ಹೋದಳು. ಮರದ ಪುಡಿ, ಗೋಂದಿನ ವಾಸನೆ. ಅವಳು ಪಟ್ಟಿಗಳನ್ನು ಎತ್ತಿ ಎತ್ತಿ ನೋಡುತ್ತಾ, ಹವಾ ಹೇಗಿದೆ ಎನ್ನುವ ಧಾಟಿಯಲ್ಲಿ ಅಂದಳು:

“ಒಂಥರಾ ಒಳ್ಳೇದೇ ಆಯ್ತು ಬಿಡೇ. ನೀನು ಬೇಡ ಅಂತ ಮುಖದ ಮೇಲೆ ಹೇಳೋರು ಯಾರು? ಈಗ ನೋಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹಾವೂ ಸಾಯ್ತು, ಕೋಲೂ ಮುರೀಲಿಲ್ಲ.”

ಯಾವ ಹಾವು ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, ಗೊತ್ತಿದೆ ಅಂದುಕೊಂಡಿದ್ದೆ ಕಣೇ ಎಂದು ಎಲ್ಲವನ್ನೂ ಹೇಳಿದಳು. ನಮ್ಮವರನ್ನು ತಂಡದಿಂದ ತೆಗೆಯಬೇಕೆಂದು ಎರಡು ತಿಂಗಳ ಹಿಂದೆಯೇ ನಿರ್ಧಾರವಾಗಿತ್ತಂತೆ. ಹೇಳುವ ಎದೆ ಯಾರಿಗೂ ಇರಲಿಲ್ಲ. ಕಾರ್ಯದರ್ಶಿಗೆ ಉಪಾಯ ಹೊಳೆಯಿತು. ನಂಬರಿಗೆ ನಿವೃತ್ತಿ ಕೊಟ್ಟರೆ ಮನುಷ್ಯ ತಾನಾಗಿಯೇ ಅದರ ಹಿಂದೆ ಹೋಗುತ್ತಾನೆ, ಮೇಲಾಗಿ ಥ್ಯಾಂಕ್ಸೂ ಹೇಳುತ್ತಾನೆ. ಇಷ್ಟು ಹೇಳಿ ಅವಳು, ಕಂದು ಬಣ್ಣದ ಪಟ್ಟಿ ಚೆನ್ನಾಗಿದೆಯಾ ಚಿನ್ನದ ಬಣ್ಣದ್ದಾ ಎಂದು ಕೇಳಿದಳು. ನನಗೆ ಅವಳ ಕೈಗೇ ಕಚ್ಚಬೇಕೆನಿಸಿತು.

ಆದರೆ ಅವರೆಲ್ಲ ಒಂದು ಲೆಕ್ಕ ತಪ್ಪಿದ್ದರು. ನಮ್ಮವರು ತಾವಾಗಿ ಹೋಗುವ ಪೈಕಿ ಅಲ್ಲ. ಆ ಸಂಜೆಯೇ ದರ್ಜಿಯ ಅಂಗಡಿಯಿಂದ ಒಂದು ಪೊಟ್ಟಣ ಹಿಡಿದು ಬಂದರು. ಹೊಸ ಜೆರ್ಸಿ. ಬೆನ್ನ ಮೇಲೆ ಅಂಗೈಯಗಲದ ಅಂಕಿಗಳಲ್ಲಿ ಮೂವತ್ತೆರಡು.

“ಹದಿನಾರಕ್ಕೆ ತಾನೇ ನಿವೃತ್ತಿ? ಗೋಡೆ ಮೇಲೆ ಅದಿರ್ಲಿ. ಅದರ ಎರಡರಷ್ಟು ಹಾಕ್ಕೊಂಡು ನಾನು ಗೋಲಲ್ಲಿರ್ತೀನಿ. ಹೇಗಿದೆ ಐಡಿಯಾ?”

ಕನ್ನಡಿಯ ಮುಂದೆ ನಿಂತು ಎರಡೂ ಕೈ ಅಗಲಿಸಿ, ಗೋಲ್ ಕಾಯುವ ಹಾಗೆ ಆಚೆ ಈಚೆ ಸರಿದು ತೋರಿಸಿದರು. ಮಂಡಿ ಲಟಕ್ಕೆಂದಿತು. ನಾನು ಹಿಂದಿನಿಂದ ತಬ್ಬಿಕೊಂಡು, ತುಂಬಾ ಚೆನ್ನಾಗಿದೆ ಎಂದೆ. ಅವರ ಖುಷಿ ನೋಡಿದ್ದರೆ ನೀನೂ ಅಷ್ಟೇ ಹೇಳುತ್ತಿದ್ದೆ. ಅದಿರಲಿ.

ಭಾನುವಾರ ಸಭೆ. ಕ್ಲಬ್ಬಿನ ಸಭಾಂಗಣ ಸೈಕಲ್ ಗೋಡೌನಿನ ಮಹಡಿಯ ಮೇಲೆ. ಗೋಡೆಯ ಬಣ್ಣ ಚಕ್ಕೆ ಎದ್ದು ಕುರ್ಚಿಗಳ ಮೇಲೆ ಬೀಳುತ್ತದೆ. ಗೆದ್ದ ಕಪ್ಪುಗಳನ್ನು ಸಾಲಾಗಿ ಇಟ್ಟಿದ್ದಾರೆ, ಒಂದರೊಳಗೆ ಇಣುಕಿದೆ, ಜಿರಲೆ ಬೋರಲು ಬಿದ್ದಿತ್ತು. ಮೇಜಿನ ಮೇಲೆ ದೊಡ್ಡ ಕೇಕು, ಅದರ ಮೇಲೆ ಬಿಳಿ ಕ್ರೀಮಿನಲ್ಲಿ ಹದಿನಾರು, ಒಂದರ ಮೇಲೆ ಎರಡು ನೊಣ, ಆರರ ಹೊಟ್ಟೆಯೊಳಗೆ ಒಂದು. ಕಾರ್ಯದರ್ಶಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿಯಿದೆ. ಸ್ಕೂಟರಿನ ಕೀಲಿಯನ್ನು ಕಿವಿಗೆ ತೂರಿ ತಿರುಗಿಸಿ, ಹೊರಗೆ ತೆಗೆದು ನೋಡಿ, ಮೇಜಿನ ಬಟ್ಟೆಗೆ ಒರೆಸಿ, ಅದೇ ಕೈಯಲ್ಲಿ ನಮ್ಮವರ ಕೈ ಕುಲುಕಿದರು. ಆಮೇಲೆ ಭಾಷಣ. ಈತ ನಮ್ಮ ಕ್ಲಬ್ಬಿನ ಕಣ್ಣು, ಕಣ್ಣಿನ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಒಣಗಿದ ಕಣ್ಣಿಗೆ ಕರ್ಚೀಪು ಒತ್ತಿಕೊಂಡರು.

ಈ ಕ್ಲಬ್ಬಿನಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಹಿಂದೆ ಸಭೆಗೆ ಜನ ಸೇರುತ್ತಿರಲಿಲ್ಲವಂತೆ, ಅದಕ್ಕೆ ಕುರ್ಚಿ ತುಂಬಲೆಂದು ಆಟಗಾರರ ಹೆಂಡತಿಯರಿಗೂ ಸದಸ್ಯತ್ವ ಕೊಟ್ಟರು. ಮದುವೆಯಾದ ದಿನದಿಂದ ನಾನೂ ಸದಸ್ಯೆ. ಇನ್ನೊಂದು, ಗೌರವದ ವಿಷಯದ ಠರಾವಿಗೆ ಎಲ್ಲರೂ ಒಪ್ಪಬೇಕು, ಒಂದು ಕೈ ವಿರೋಧವಾಗಿ ಎದ್ದರೂ ಬಿದ್ದುಹೋಗುತ್ತದೆ. ಈವರೆಗೆ ಯಾರೂ ಎತ್ತಿಲ್ಲ, ಏಕೆಂದರೆ ಠರಾವಿನ ನಂತರವೇ ತಿಂಡಿ.

ಕಿವಿ ಕೇಳದ ಹಳೆಯ ಸದಸ್ಯರೊಬ್ಬರು, ನಂಬರಿಗೆ ನಿವೃತ್ತಿ ಅಂದ್ರೆ ಪೆನ್ಷನ್ ಯಾರಿಗಪ್ಪಾ ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ನಮ್ಮವರು ಎದ್ದು ಧನ್ಯವಾದ ಹೇಳಿದರು. ಹೇಳಿ ಕುಳಿತಿದ್ದರೆ ಮುಗಿಯುತ್ತಿತ್ತು. ಚೀಲದಿಂದ ಮೂವತ್ತೆರಡನ್ನು ತೆಗೆದು ಎದೆಗೆ ಹಿಡಿದು, ಮುಂದಿನ ಟೂರ್ನಮೆಂಟಿಗೆ ಇದರಲ್ಲಿ ಸಿಗೋಣ ಎಂದುಬಿಟ್ಟರು.

ಕಾರ್ಯದರ್ಶಿ, ಆಗಲಿ ಆಗಲಿ, ಅದಕ್ಕೇನಂತೆ ಎನ್ನುತ್ತಾ ಕ್ಯಾಪ್ಟನ್ನಿಗೆ ಕಣ್ಣು ಹೊಡೆದರು. ಕ್ಯಾಪ್ಟನ್ ನಗು ತಡೆಯಲು ತುಟಿ ಕಚ್ಚಿಕೊಂಡ. ಹಿಂದಿನ ಸಾಲಿನಿಂದ ಯಾರೋ ಅಂದರು:

“ಹಾಗೇ ಅರವತ್ನಾಲ್ಕೂ ಹೊಲಿಸಿಟ್ಕೊಂಡ್ಬಿಡಣ್ಣ, ಬಟ್ಟೆ ಮಿಕ್ಕಿರ್ಬೇಕು.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಮ್ಮವರೂ ನಕ್ಕರು ಅಕ್ಕಾ. ಪ್ರೀತಿಗೆ ಹೇಳುತ್ತಿದ್ದಾರೆ ಅಂದುಕೊಂಡು, ಎಲ್ಲರಿಗಿಂತ ಜೋರಾಗಿ.

ನನ್ನ ಕೈ ಯಾವಾಗ ಮೇಲೆ ಹೋಯಿತೋ ಗೊತ್ತಿಲ್ಲ. ಕಾರ್ಯದರ್ಶಿ, ನೀರು ಬೇಕೇನಮ್ಮಾ ಎಂದು ಕೇಳಿದರು. ವಿರೋಧ ಎಂದೆ. ಸ್ಕೂಲಿನ ಚರ್ಚಾಸ್ಪರ್ಧೆಯ ಹಾಗೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೆ. ನಂಬರಿಗೆ ಮಂಡಿ ನೋವಿಲ್ಲ, ಅದಕ್ಕೆ ನಿವೃತ್ತಿ ಬೇಡ, ಯಾರಿಗೆ ಹೇಳಬೇಕೋ ಅವರಿಗೆ ಹೇಳಿ ಎಂದೆ. ಕಾರ್ಯದರ್ಶಿ ಮೇಜಿನ ಬಟ್ಟೆಯ ಸುಕ್ಕು ತೀಡಿದರು. ಆಗ ನಾನೇ ನಮ್ಮವರ ಕಡೆ ತಿರುಗಿದೆ.

“ರೀ, ಇವರು ಇನ್ನು ನಿಮ್ಮನ್ನ ಆಡಿಸಲ್ಲ. ಹೇಳೋಕೆ ಧೈರ್ಯ ಇಲ್ದೆ ಈ ಕೇಕು ತರಿಸಿದಾರೆ.”

ಅವರು ಕ್ಯಾಪ್ಟನ್ನನ್ನು ನೋಡಿದರು. ಹನ್ನೆರಡು ವರ್ಷದ ಸ್ನೇಹಿತ, ಮದುವೆಯಲ್ಲಿ ನಮ್ಮ ಚಪ್ಪಲಿ ಕಾದವನು.

“ಹೌದೇನೋ?”

ಕ್ಯಾಪ್ಟನ್ ತನ್ನ ಟೀ ಲೋಟದ ತಳದಲ್ಲಿ ಏನೋ ಹುಡುಕತೊಡಗಿದ. ಉತ್ತರ ಕೊಟ್ಟವನು ಸ್ಟೆಪ್ನಿ. ಅವನು ತಂಡದ ಎರಡನೇ ಗೋಲ್‌ಕೀಪರ್. ಕಾರಿನ ಹಿಂದೆ ಹೆಚ್ಚುವರಿ ಚಕ್ರ ಇಟ್ಟ ಹಾಗೆ ಒಂಬತ್ತು ವರ್ಷದಿಂದ ಅವನನ್ನು ಬೆಂಚಿನ ಮೇಲೆ ಇಟ್ಟಿದ್ದಾರೆ, ಹೆಸರೂ ಹಾಗೇ ಬಂತು.

“ಹೌದಣ್ಣ. ನನ್ನನ್ನ ನಿಲ್ಲಿಸ್ತಾರಂತೆ. ನಿನಗೆ ಹೇಳ್ಬೇಡ ಅಂದಿದ್ರು.”

ಆ ಸಭೆಯಲ್ಲಿ ನನಗೆ ಅಸಹ್ಯವಾಗದಿದ್ದದ್ದು ಆ ಒಂದು ಮುಖ ನೋಡಿ ಮಾತ್ರ.

ಠರಾವು ಬಿತ್ತು. ಕಾರ್ಯದರ್ಶಿ ಕೆಮ್ಮಿ, ಹೊಸ ಹುಡುಗಿ, ಕ್ಲಬ್ಬಿನ ರೀತಿ ನೀತಿ ಇನ್ನೂ ತಿಳಿದಿಲ್ಲ, ಬೇಜಾರು ಬೇಡ ಎಂದು ಸಭೆಗೆ ಸಮಾಧಾನ ಹೇಳಿದರು. ಆಮೇಲೆ ಏನು ಮಾಡಿದರು ಊಹಿಸು. ಕೇಕು ಕತ್ತರಿಸಿದರು. ತಂದದ್ದು ಹಾಳಾಗಬಾರದಲ್ಲ. ಹದಿನಾರನ್ನು ಹೋಳು ಹೋಳು ಮಾಡಿ ಹಂಚಿಕೊಂಡು ತಿಂದರು. ಕಾರ್ಯದರ್ಶಿ ಆರರ ಬಾಲವನ್ನು ಬಾಯಿಗಿಟ್ಟು ಬೆರಳುಗಳನ್ನು ಒಂದೊಂದಾಗಿ ನೆಕ್ಕಿದರು, ಆ ಕೀಲಿಯ ಕೈಯದೇ. ನನಗೂ ಒಂದು ತುಂಡು ಕಾಗದದ ತಟ್ಟೆಯಲ್ಲಿ ಬಂತು.

ನಮ್ಮವರ ಬಗ್ಗೆ ನೀನು ಯೋಚನೆ ಮಾಡುತ್ತೀಯ, ಮಾಡಬೇಡ. ಎಷ್ಟು ಹಗುರವಾಗಿ ತೆಗೆದುಕೊಂಡರು ಗೊತ್ತಾ! ಒಂದು ಗಳಿಗೆ ಮುಖ ಸಣ್ಣದಾಯಿತು, ಆಮೇಲೆ ನಕ್ಕು ಸ್ಟೆಪ್ನಿಯ ಬೆನ್ನು ತಟ್ಟಿದರು. ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ದಾರಿಯುದ್ದಕ್ಕೂ ಹಾಡು ಹೇಳುತ್ತಾ ಬಂದರು. ಬೆಳಗಿನ ಪ್ರ್ಯಾಕ್ಟೀಸಿಲ್ಲ, ಇನ್ನು ಎಂಟು ಗಂಟೆಯವರೆಗೆ ಮಲಗಬಹುದು ಎನ್ನುತ್ತಿದ್ದಾರೆ. ಹೇಗೂ ಬಿಡುವಾಯಿತಲ್ಲ, ಶನಿವಾರ ಇಬ್ಬರೂ ನಿಮ್ಮ ಮನೆಗೆ ಬರುತ್ತೇವೆ. ಭಾವ ಅವರನ್ನು ಕೂರಿಸಿಕೊಂಡು ಹಳೇ ಪಂದ್ಯಗಳ ಕಥೆ ಎಷ್ಟು ಬೇಕಾದರೂ ಕೇಳಲಿ.

ಮಕ್ಕಳಿಗೆ ಮುತ್ತು. ನಿನಗೆ ಅದರ ಎರಡರಷ್ಟು.

ನಿನ್ನ
ವಟವಟಿ

ತಾ.ಕ.: ಕವರು ಅಂಟಿಸಿ ಆಗಿತ್ತು ಅಕ್ಕಾ. ಮತ್ತೆ ಒಡೆದೆ. ಅಷ್ಟೊಂದು ಜನ ಸವಿಸುಳ್ಳು ಉಣಿಸಿದರೆಂದು ಬೈದು, ಕೊನೆಯ ಪುಟದಲ್ಲಿ ನಾನು ನಿನಗೆ ಉಣಿಸಿದ್ದೂ ಅದೇ.

ಸ್ಕೂಟರು, ಹಾಡು, ಬೆನ್ನು ತಟ್ಟಿದ್ದು, ಎಲ್ಲ ಸುಳ್ಳು. ಸ್ಟೆಪ್ನಿ ಹೌದಣ್ಣ ಎಂದಕೂಡಲೇ ಅವರು ಆ ಹೊಸ ಜೆರ್ಸಿಯನ್ನು ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದು ಹೋದರು. ನಾನು ನಡೆದುಕೊಂಡು ಮನೆಗೆ ಬಂದೆ. ದೀಪ ಹಾಕದೆ ಕೂತಿದ್ದರು. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದರು. ಬುಧವಾರ ಎಂದೆ. ಅದಕ್ಕೆ ಅಂದರು:

“ಹಾಗಾದ್ರೆ ಗೊತ್ತಿದ್ದೂ ಕನ್ನಡಿ ಮುಂದೆ ಚೆನ್ನಾಗಿದೆ ಅಂದೆ.”

ಅಷ್ಟೇ. ನಾನು ಕಾರ್ಯದರ್ಶಿಯನ್ನು ಹೇಗೆ ನೋಡಿದೆನೋ, ಅವರು ನನ್ನನ್ನು ಹಾಗೆ ನೋಡಿದರು. ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಕೈ ಹಿಡಿದು ಹೇಳಬಹುದಾಗಿದ್ದನ್ನು ಊರಿನವರ ಮುಂದೆ ಹೇಳಿದೆ. ಹೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಅಷ್ಟು ದಿನ ಹೇಳದಿದ್ದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ನಿನ್ನೆ ಬೆಳಿಗ್ಗೆ ಅವರು ಹದಿನಾರನ್ನೂ ಪ್ಯಾಡುಗಳನ್ನೂ ಸ್ಟೆಪ್ನಿಗೆ ಕೊಟ್ಟು ಬಂದರಂತೆ. ಇದನ್ನೂ ಅವನೇ ಹೇಳಿದ. ಇವತ್ತು ಊಟ ಬಡಿಸುವಾಗ ನನ್ನ ಕಡೆ ನೋಡದೆ, ಕೆಲವು ದಿನ ಅಕ್ಕನ ಮನೆಯಲ್ಲಿದ್ದು ಬಾ ಎಂದರು. ಎಷ್ಟು ದಿನ ಎಂದು ಹೇಳಲಿಲ್ಲ.

ಇದನ್ನು ಭಾವನಿಗೂ ಇದ್ದ ಹಾಗೇ ಓದಿ ಹೇಳು. ಅವರು ಸ್ಟೇಷನ್ನಿನಲ್ಲಿ ನನ್ನ ಹಿಂದೆ ಇನ್ನೊಬ್ಬರು ಇಳಿಯುತ್ತಾರೆಂದು ಕಾಯುವುದು ಬೇಡ. ನಾನೊಬ್ಬಳೇ ಬರುತ್ತಿದ್ದೇನೆ. ಶನಿವಾರ, ಮಧ್ಯಾಹ್ನ ಬರುತ್ತದಲ್ಲ, ಆ ಪ್ಯಾಸೆಂಜರಿಗೆ.