ಬಸ್ಸು ಬಂದಾಗಲೇ ಆರು ಗಂಟೆ

ಮಾನ್ಯ ಪ್ರಾಂಶುಪಾಲರೇ,

ಸೋಮವಾರ ನಿಮ್ಮ ಸಂಜೆ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ನನ್ನ ಹೆಸರು ಹಾಕಿಸಿದ್ದೀರಿ. ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ಪರೀಕ್ಷೆಗೆ ನಾನು ಕೂರುವಂತಿಲ್ಲವಂತೆ. ಹಾಜರಿ ಸಾಲದಂತೆ. ಸಾಲದ್ದಕ್ಕೆ, ಬೇರೆಯವರಿಂದ ಹಾಜರಿ ಹೇಳಿಸಿದ ಅಪರಾಧವೂ ನನ್ನ ಮೇಲಿದೆಯಂತೆ. ನಿಮ್ಮನ್ನು ಕಂಡು ಹೇಳಿಕೊಳ್ಳೋಣವೆಂದರೆ ನೀವು ವಿದ್ಯಾರ್ಥಿಗಳನ್ನು ನೋಡುವುದು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ. ಸಂಜೆ ಕಾಲೇಜಿಗೆ ಬರುವವರು ಮಧ್ಯಾಹ್ನ ಎಲ್ಲಿರುತ್ತಾರೆಂದು ನಿಮಗೆ ಯಾರೂ ಹೇಳಿದಂತಿಲ್ಲ. ಹಾಗಾಗಿ ಪತ್ರಿಕೆಯ ಮೂಲಕ, ಊರಿಗೆಲ್ಲ ಕೇಳಿಸುವಂತೆ ಬರೆಯುತ್ತಿದ್ದೇನೆ.

ಇದನ್ನು ಓದಿ ನೀವು "ಈ ಹುಡುಗಿಗೆ ಹೊಟ್ಟೆಕಿಚ್ಚು" ಎನ್ನುತ್ತೀರಿ. ಹೌದು ಸ್ವಾಮಿ, ಹೊಟ್ಟೆಕಿಚ್ಚೇ. ಅದನ್ನು ಮುಚ್ಚಿಟ್ಟು ನ್ಯಾಯ, ಸಮಾನತೆ ಎಂದು ದೊಡ್ಡ ಮಾತಾಡುವುದು ನನಗೆ ಬರುವುದಿಲ್ಲ. ನನ್ನ ಜೊತೆ ಜಾಲಹಳ್ಳಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಸೀತಾಲಕ್ಷ್ಮಿಯನ್ನು ಕಂಡರೆ ಈ ಐದು ತಿಂಗಳಿಂದ ನನ್ನ ಹೊಟ್ಟೆ ಉರಿಯುತ್ತಿದೆ. ಅದಕ್ಕೆ ಸೌದೆ ಹಾಕಿದವರು ನೀವು. ಹೇಗೆ ಎಂದು ಹೇಳುತ್ತೇನೆ, ಕೇಳಿ.

ಜೂನ್ ತಿಂಗಳಲ್ಲಿ, ಮೊದಲ ದಿನವೇ, ನಮ್ಮ ಕೈಗೆ ಒಂದು ಹಾಳೆ ಕೊಟ್ಟಿರಿ. ಕ್ಯಾಲ್ಕುಲಸ್ ಕಲಿಯುವವರು ಹೇಗಿರಬೇಕು ಎಂಬ ಉಪದೇಶ. ತರಗತಿಯ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಅಭ್ಯಾಸ ಮಾಡಬೇಕು. ತಪ್ಪಿದ ಕಿರುಪರೀಕ್ಷೆಯನ್ನು ಮತ್ತೆ ಕೊಡುವುದಿಲ್ಲ. ಸಂದೇಹಗಳಿದ್ದರೆ ಉಪನ್ಯಾಸಕರನ್ನು ತರಗತಿಗೆ ಮುಂಚೆ ಬಂದು ಕಾಣಬೇಕು. ಓದುವಾಗ ಎಷ್ಟು ಚೆಂದ ಕಾಣುತ್ತದೆ! ಮನೆಯಲ್ಲಿ ಎರಡು ಗಂಟೆ ಸಿಗುವ ಮನೆ ಯಾರದ್ದು, ತರಗತಿಗೆ ಮುಂಚೆ ಬರಲು ಆಗುವ ಕೆಲಸ ಯಾರದ್ದು ಎಂದು ಹಾಳೆಯಲ್ಲಿ ಬರೆದಿರಲಿಲ್ಲ. ಕೊನೆಯಲ್ಲಿ ಒಂದು ಸಾಲು ಇತ್ತು: ಉಪನ್ಯಾಸಕರು ಒಳಗೆ ಬಂದ ಮೇಲೆ ಬರುವವರಿಗೆ ಪ್ರವೇಶವಿಲ್ಲ. ಆ ದಿನ ನಾನು ಅದನ್ನು ಗಮನಿಸಲಿಲ್ಲ. ತರಗತಿ ಆರು ಗಂಟೆಗೆ ಎಂದು ಮೇಲೆಯೇ ಬರೆದಿತ್ತಲ್ಲ, ಆರಕ್ಕೆ ಬಂದರಾಯಿತು ಎಂದುಕೊಂಡೆ.

ನಾನು ಕೆಲಸ ಮಾಡುವುದು ಪೀಣ್ಯದ ಒಂದು ಶೆಡ್ಡಿನಲ್ಲಿ. ಮೋಟಾರಿನ ಕಾಯಿಲ್ ಸುತ್ತುತ್ತೇನೆ. ಐದೂವರೆಗೆ ಬಿಡುತ್ತಾರೆ. ಸಿಟಿ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲಿಸಿದರೆ ಪುಣ್ಯ, ಇಲ್ಲದಿದ್ದರೆ ನಡೆದೇ ಬರಬೇಕು. ಎಷ್ಟು ಬಿರಬಿರನೆ ನಡೆದರೂ ನಿಮ್ಮ ಗೇಟು ಸೇರುವುದು ಆರಕ್ಕೆ ಐದು ನಿಮಿಷ ಇರುವಾಗ. ಸೀತು ಇರುವುದು ಜಾಲಹಳ್ಳಿಯ ದೊಡ್ಡ ಕಾರ್ಖಾನೆಯಲ್ಲಿ. ಅವಳ ಅಪ್ಪ ಅಲ್ಲೇ ಇದ್ದವರು, ಮಗಳಿಗೂ ಅಲ್ಲೇ ಆಯಿತು. ಅವರಿಗೆ ಬಸ್ಸಿದೆ. ಆ ಬಸ್ಸು ಸಂಜೆ ಕಾಲೇಜಿನವರನ್ನೆಲ್ಲ ತುಂಬಿಕೊಂಡು ಆರಕ್ಕೆ ಹದಿನೈದು ನಿಮಿಷ ಇರುವಾಗ ನಿಮ್ಮ ಗೇಟಿನ ಮುಂದೆಯೇ ಇಳಿಸುತ್ತದೆ. ನಮಗೆ ಕ್ಯಾಲ್ಕುಲಸ್ ಹೇಳುವ ಉಪನ್ಯಾಸಕರ ಮನೆಯೂ ಆ ಕಡೆಯೇ. ಅವರೂ ಅದೇ ಬಸ್ಸಿನಲ್ಲಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಬರುತ್ತಾರೆ. ಬಂದವರು ನೇರವಾಗಿ ತರಗತಿಗೆ ಹೋಗುತ್ತಾರೆ. ಉಪನ್ಯಾಸಕರು ಒಳಗೆ ಬಂದರು, ಬಾಗಿಲು ಬಿತ್ತು. ಗೋಡೆಯ ಗಡಿಯಾರದಲ್ಲಿ ಇನ್ನೂ ಆರಾಗಿರುವುದಿಲ್ಲ. ಆದರೆ ನಿಮ್ಮ ಕಾಲೇಜಿನಲ್ಲಿ ಬಸ್ಸು ಬಂದಾಗಲೇ ಆರು ಗಂಟೆ.

ನಾವು ಪೀಣ್ಯದಿಂದ ಬರುವವರು ಐದಾರು ಜನ, ಕಾರಿಡಾರಿನಲ್ಲಿ ನಿಂತು, ಇನ್ನೂ ಆಗದ ಆರು ಗಂಟೆಗೆ ತಡವಾಗಿ ಬಂದವರು ಎನಿಸಿಕೊಳ್ಳುತ್ತೇವೆ. ಜವಾನ ದಾಸಪ್ಪ ಒಳ್ಳೆಯವನೇ. "ನಾನೇನ್ ಮಾಡ್ಲಿ ಕಣಮ್ಮ, ತೆಗದ್ರೆ ಸಾರು ನನ್ನ ಬೈತಾರೆ" ಎಂದು ಬೀಗದ ಕೈ ತೋರಿಸುತ್ತಾನೆ. ವಾರದಲ್ಲಿ ಒಂದೆರಡು ದಿನ, ಸಿಟಿ ಬಸ್ಸು ಕನಿಕರ ತೋರಿಸಿದಾಗ, ನನಗೆ ಒಳಗೆ ಜಾಗ ಸಿಗುತ್ತಿತ್ತು. ಉಳಿದ ದಿನ ಕಿಟಕಿಯ ಹೊರಗೆ ನಿಂತು, ಬೋರ್ಡಿನ ಅರ್ಧ ಭಾಗ ಮಾತ್ರ ನೋಡಿ ಬರೆದುಕೊಳ್ಳುತ್ತಿದ್ದೆ. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಸೀತುವಿಗೆ ಹದಿನೆಂಟು ಬಂತು, ನನಗೆ ಹನ್ನೊಂದು. ಅವಳು ಬುದ್ಧಿವಂತೆ, ಒಪ್ಪುತ್ತೇನೆ. ಹೈಸ್ಕೂಲಿನಲ್ಲೂ ನನಗಿಂತ ಒಂದು ಕೈ ಮೇಲೆಯೇ ಇದ್ದಳು, ಆದರೆ ಒಂದೇ ಕೈ. ಈಗಿನ ಏಳು ಅಂಕಗಳಲ್ಲಿ ಅವಳ ಬುದ್ಧಿ ಎಷ್ಟು, ಬಸ್ಸಿನದೆಷ್ಟು?

ನಾನು ಅಸೂಯೆಪಡುವ ವಸ್ತುಗಳನ್ನೂ ಹೇಳುತ್ತೇನೆ, ನಗಬೇಡಿ. ಕಾರ್ಖಾನೆಯವರು ಕೊಟ್ಟಿರುವ ಅವಳ ತಿಳಿನೀಲಿ ಸೀರೆ. ಮಳೆಗಾಲಕ್ಕೆ ಅವರೇ ಕೊಡುವ ಕೋಟು. ಆಯುಧಪೂಜೆಗೆ ಕೊಟ್ಟ ಸಿಹಿಯ ಡಬ್ಬ. ಅದರಲ್ಲಿ ಅರ್ಧ ನನಗೇ ತಂದುಕೊಟ್ಟಳು ಎಂಬುದು ಇನ್ನೂ ಕೆಟ್ಟದ್ದು. ಎಲ್ಲಕ್ಕಿಂತ ಹೆಚ್ಚಾಗಿ ಬಸ್ಸಿನಲ್ಲಿ ಅವಳಿಗೆ ಸಿಗುವ ಆ ಅರ್ಧ ಗಂಟೆ. ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಅವಳು ಲೆಕ್ಕ ಮಾಡುತ್ತಾ ಬರುವುದನ್ನು ರಸ್ತೆಯ ಪಕ್ಕ ಧೂಳು ಕುಡಿಯುತ್ತಾ ನಡೆಯುವಾಗ ಎಷ್ಟು ಸಲ ಊಹಿಸಿಕೊಂಡಿದ್ದೇನೋ! ಅವಳು ಕೆಟ್ಟವಳಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಆ ಸುಖವನ್ನೂ ಅವಳು ನನಗೆ ಕೊಡಲಿಲ್ಲ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ದಸರೆಗೆ ಮುಂಚೆ ಒಂದು ದಿನ ಕಾರ್ಖಾನೆಯಲ್ಲಿ ಯೂನಿಯನ್ನಿನವರ ಗೇಟ್ ಮೀಟಿಂಗ್ ನಡೆದು ಬಸ್ಸು ತಡವಾಯಿತು. ಆರೂ ಕಾಲು ದಾಟಿದರೂ ಬಸ್ಸಿಲ್ಲ. ಉಪನ್ಯಾಸಕರಿಲ್ಲ ಎಂದರೆ ಬಾಗಿಲು ಮುಚ್ಚುವಂತೆಯೂ ಇಲ್ಲ. (ಆ ದಿನ ಅವರು ತಡವಾಗಿ ಬಂದಾಗ ಯಾರೂ ಅವರ ಮುಂದೆ ಬಾಗಿಲು ಹಾಕಲಿಲ್ಲವೆಂಬುದನ್ನು ವಿನಯದಿಂದ ನೆನಪಿಸುತ್ತೇನೆ.) ಕೊನೆಗೆ ಬಸ್ಸು ಬಂದು ಅವರೆಲ್ಲ ಗುಂಪಾಗಿ ಒಳಗೆ ನುಗ್ಗಿದರು. ಎಂದಿನಂತೆ ಕಾರಿಡಾರಿನಲ್ಲೇ ನಿಂತಿದ್ದ ನಾನು ಅವರ ಹಿಂದೆ ಹೋಗಿ, ಬಾಗಿಲಿನ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತೆ. ಸೀತು ಮೊದಲ ಬೆಂಚು. ಹಾಜರಿ ಕೂಗುತ್ತಾ "ಭಾಗ್ಯಮ್ಮ" ಎಂದರು. ನಾನು "ಹಾಜರ್ ಸಾರ್" ಎಂದೆ. ಅದೇ ಹೊತ್ತಿಗೆ ಮುಂದಿನಿಂದಲೂ "ಹಾಜರ್ ಸಾರ್" ಎಂಬ ಧ್ವನಿ ಬಂತು.

ಉಪನ್ಯಾಸಕರು ಕನ್ನಡಕ ತೆಗೆದರು. "ಏನ್ರೀ, ಭಾಗ್ಯಮ್ಮ ಎಷ್ಟು ಜನ ಇದ್ದೀರಾ?" ತರಗತಿ ಗೊಳ್ಳೆಂದಿತು. ಸೀತು ಹಿಂದೆ ತಿರುಗಿ ನನ್ನನ್ನು ನೋಡಿ, ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತಳು.

ತರಗತಿ ಮುಗಿದ ಮೇಲೆ ಅವಳನ್ನು ಹಿಡಿದು ಕೇಳಿದೆ. "ಎಷ್ಟು ದಿನದಿಂದ ನಡೀತಿದೆ ಇದು?"

"ಮೊದಲ್ನೇ ತಿಂಗಳಿಂದ ಕಣೇ. ನೀನು ಹೊರಗೇ ನಿಂತಿರ್ತೀಯಲ್ಲ, ಕಿಟಕೀಲಿ ಕಾಣ್ತೀಯ. ಬಂದಿದಾಳೆ ತಾನೆ, ಸುಳ್ಳೇನಲ್ವಲ್ಲ ಅಂತ ಹೇಳ್ತಿದ್ದೆ. ಇವತ್ತು ಅಭ್ಯಾಸಬಲ, ಬಾಯಿಗೆ ಬಂದ್ಬಿಡ್ತು."

"ನಾನು ಕೇಳಿದ್ನಾ ನಿನ್ನ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ನಿಜ, ಬೇಡ ಎನ್ನುತ್ತಿದ್ದೆ. ಪ್ರತಿ ತಿಂಗಳು ಬೋರ್ಡಿನಲ್ಲಿ ಹಾಜರಿ ನೋಡಿ, ಪರವಾಗಿಲ್ಲ, ಈ ಕಾಲೇಜಿಗೂ ಒಂದಿಷ್ಟು ಕರುಣೆ ಇದೆ ಎಂದುಕೊಂಡಿದ್ದೆ ನಾನು. ಅದು ಅವಳ ಕರುಣೆ ಎಂದು ತಿಳಿದಾಗ ಆದ ಉರಿ ನಿಮಗೆ ಅರ್ಥವಾಗುವುದಿಲ್ಲ. ಸೀರೆ ಅವಳದು, ಬಸ್ಸು ಅವಳದು, ಹದಿನೆಂಟು ಅಂಕ ಅವಳದು. ನಾನು ಇದ್ದೇನೆ ಎನ್ನುವುದನ್ನೂ ಅವಳೇ ಹೇಳಬೇಕೆ?

ನೀವು ತನಿಖೆ ಮಾಡಿದಿರಿ. ಸೀತುವಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿರಿ. ನನ್ನ ಹಾಜರಿಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲವನ್ನೂ ಅಳಿಸಿದಿರಿ. ಅದ್ಭುತವಾದ ತರ್ಕ! ಅಕ್ಕಿಯಲ್ಲಿ ಕಲ್ಲಿದ್ದರೆ ನಮ್ಮವ್ವ ಆರಿಸುತ್ತಾಳೆ. ನೀವಾಗಿದ್ದರೆ ಮೂಟೆಯನ್ನೇ ಚರಂಡಿಗೆ ಸುರಿಯುತ್ತಿದ್ದಿರಿ.

ನಿಮಗೆ ಇದೊಂದು ಹೆಸರು, ಬೋರ್ಡಿನಿಂದ ಒರೆಸಿದರಾಯಿತು. ನನಗೆ ಹಾಗಲ್ಲ. ನಮ್ಮಪ್ಪ ಪಾಪಯ್ಯ ಓದು ಬರೆಹ ಕಂಡವರಲ್ಲ. ಅವರ ಹೊಲವಿದ್ದ ಕಡೆ ಈಗ ಶೆಡ್ಡುಗಳಿವೆ. ಉಳಿದ ಜಾಗದಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾರೆ. ಕಾಲೇಜಿಗೆ ಸೇರುವ ಮುಂಚೆ ನಮ್ಮಿಬ್ಬರಿಗೂ ಒಂದು ಒಪ್ಪಂದವಾಯಿತು. "ಆಯ್ತು ಓಗವ್ವ, ಒಂದ್ ಪರೀಕ್ಷೆ ನೋಡಾನ. ಪಾಸಾದ್ರೆ ನಾ ಅಡ್ಡ ಬರಾಕಿಲ್ಲ. ಇಲ್ದಿದ್ರೆ ಮಾದನಾಯಕನಹಳ್ಳಿ ಗಂಡಿಗೆ ಊಂ ಅನ್ಬೇಕು" ಎಂದರು. ಫೇಲಾದರೆ ಎಂದು ಅವರು ಯೋಚಿಸಿದ್ದರು, ನಾನೂ ಯೋಚಿಸಿದ್ದೆ. ಪರೀಕ್ಷೆಗೇ ಕೂರಿಸುವುದಿಲ್ಲ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಸೋಮವಾರವೇ ನಮ್ಮವ್ವ ಬೆಳ್ಳಿಯ ಕಾಲುಚೈನು ತೊಳೆಯಲು ಕೊಟ್ಟಿದ್ದಾಳೆ.

ಇಷ್ಟಾದರೂ ಈ ಕ್ಯಾಲ್ಕುಲಸ್ಸೇ ಏಕೆ ಬೇಕು ಎಂದು ಕೇಳಬಹುದು. ಒಳಗೆ ಕೂತ ಮೊದಲ ವಾರ ಉಪನ್ಯಾಸಕರು ಬೋರ್ಡಿನ ಮೇಲೆ ಒಂದು ಡೊಂಕು ಗೆರೆ ಎಳೆದು, ಓಡುತ್ತಿರುವ ವಸ್ತುವನ್ನು ನಿಲ್ಲಿಸದೆಯೇ ಈ ಕ್ಷಣದಲ್ಲಿ ಅದರ ವೇಗ ಎಷ್ಟು ಎಂದು ಹೇಳಬಹುದು ಎಂದರು. ಮಾರನೆಯ ದಿನ ಶೆಡ್ಡಿನಲ್ಲಿ ತಂತಿ ಸುತ್ತುವ ಚಕ್ರ ತಿರುಗುವುದನ್ನು ನೋಡುತ್ತಾ ನಿಂತುಬಿಟ್ಟೆ. ಮೇಸ್ತ್ರಿ ಬೈದ. ನನಗೆ ಖುಷಿಯಾಗಿತ್ತು, ಬೈದಿದ್ದು ಮನಸ್ಸಿಗೆ ತಾಗಲಿಲ್ಲ. ಪಾಠ ಹೇಳುವವರು ಚೆನ್ನಾಗಿ ಹೇಳುತ್ತಾರೆ ಸ್ವಾಮಿ, ಅದೇ ನನ್ನ ಕಷ್ಟ. ಕೆಟ್ಟದಾಗಿ ಹೇಳಿದ್ದರೆ ಹೊರಗೆ ನಿಲ್ಲುವುದು ಇಷ್ಟು ನೋಯುತ್ತಿರಲಿಲ್ಲ.

ಇನ್ನು ಹೋದ ಗುರುವಾರದ್ದು. ಸೀತುವಿಗೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಬಸ್ಸು ಬಿಟ್ಟು, ಅರ್ಧ ದಿನ ರಜಾ ಹಾಕಿ, ನನ್ನ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದಳು. "ನಡಿ, ಇವತ್ತು ನಿನ್ ಜೊತೆ ಬರ್ತೀನಿ. ಬಾಗ್ಲು ಹಾಕಿದ್ರೆ ಇಬ್ರಿಗೂ ಹಾಕ್ಲಿ" ಎಂದಳು. ಆ ತಿಳಿನೀಲಿ ಸೀರೆಯ ಅಂಚು ಧೂಳಾಗುವುದನ್ನು ನೋಡಿ ನನಗೆ ಸ್ವಲ್ಪ ಸಂತೋಷವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ದಾರಿಯುದ್ದಕ್ಕೂ ನಗುತ್ತಾ ಬಂದೆವು. ಎಷ್ಟೋ ವರ್ಷದ ಮೇಲೆ ಹಾಗೆ ನಕ್ಕಿದ್ದು. ಗಡಿಯಾರದಲ್ಲಿ ಆರಕ್ಕೆ ಇನ್ನೂ ಐದು ನಿಮಿಷವಿತ್ತು, ಬಾಗಿಲು ಹಾಕಿತ್ತು.

ದಾಸಪ್ಪ ಅವಳನ್ನು ಕಂಡವನೇ ಎದ್ದ. "ಬನ್ನಿ ಮೇಡಂ, ಬಸ್ನೋರೆಲ್ಲ ಬಂದ್ರು, ನೀವೊಬ್ರೇ ಬಾಕಿ ಅಂತ ಸಾರು ಕೇಳ್ತಿದ್ರು" ಎಂದು ಬೀಗ ತೆಗೆದ. ನಾನು ಹೆಜ್ಜೆ ಇಟ್ಟೆ. ಅವನು ನನ್ನ ಮುಖ ನೋಡಲಾರದೆ ನೆಲ ನೋಡಿಕೊಂಡು ಕೈ ಅಡ್ಡ ಹಿಡಿದ. ಒಳಗಿನಿಂದ ಉಪನ್ಯಾಸಕರು "ಬೇಗ ಬನ್ನಿ" ಎಂದು ಕರೆದರು. ಸೀತು ಒಂದು ಸಲ ನನ್ನ ಕಡೆ ನೋಡಿದಳು.

ಒಳಗೆ ಹೋದಳು.

ನಾನಾಗಿದ್ದರೂ ಹೋಗುತ್ತಿದ್ದೆ. ಅವಳ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಒಂದು ಬೆಂಚಿನಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬಳಿಗೆ ಬಾಗಿಲು ತೆಗೆದು, ಇನ್ನೊಬ್ಬಳಿಗೆ ಕೈ ಅಡ್ಡ ಹಿಡಿಯುವ ನಿಯಮ ನಿಮ್ಮದು. ಅದಕ್ಕೆ ಉತ್ತರ ನೀವು ಕೊಡಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಸೀತು ಹೇಳಿದ ಹಾಜರಿಯನ್ನೆಲ್ಲ ತೆಗೆದುಹಾಕಿ, ಅದು ನನಗೂ ಬೇಡ. ಅದರ ಬದಲು ಆರು ಗಂಟೆಗೆ ಮುಂಚೆ ನಾನು ನಿಮ್ಮ ಬಾಗಿಲ ಹೊರಗೆ ನಿಂತ ದಿನಗಳನ್ನು ಸೇರಿಸಿ. ದಾಸಪ್ಪನನ್ನು ಕರೆದು ಕೇಳಿ. ಅವನು ಸುಳ್ಳು ಹೇಳುವವನಲ್ಲ, ಹೇಳುವವನಾಗಿದ್ದರೆ ಎಂದೋ ನಮ್ಮನ್ನು ಒಳಗೆ ಬಿಡುತ್ತಿದ್ದ. ಮುಂದಿನ ಸೆಮಿಸ್ಟರಿನಿಂದ ಬಾಗಿಲನ್ನು ಬಸ್ಸು ನೋಡಿ ಹಾಕಬೇಡಿ, ಗಡಿಯಾರ ನೋಡಿ ಹಾಕಿ. ಪರೀಕ್ಷೆಯಲ್ಲಿ ನನಗೆ ಹನ್ನೊಂದೇ ಬರಲಿ, ಸೊನ್ನೆಯೇ ಬರಲಿ, ಅದು ನಾನು ಬರೆದದ್ದಾಗಿರಬೇಕು.

ಗುರುವಾರ ಬಾಗಿಲು ಮುಚ್ಚಿದ ಮೇಲೆ, ಎಂದಿನಂತೆ ಕಿಟಕಿಯ ಹತ್ತಿರ ಹೋಗಿ ನಿಂತೆ. ಸೀತು ಮೊದಲ ಬೆಂಚಿನಲ್ಲಿ ಕೂತಳು. ಕೂತು, ತನ್ನ ಚೀಲವನ್ನು ಪಕ್ಕದಲ್ಲಿಟ್ಟು ಜಾಗ ಹಿಡಿದಳು. ಹೈಸ್ಕೂಲಿನಲ್ಲಿ ನಾನು ತಡವಾದರೆ ಹೀಗೇ ಹಿಡಿಯುತ್ತಿದ್ದಳು. ಪಾಠ ಮುಗಿಯುವವರೆಗೂ ಆ ಚೀಲ ಅಲ್ಲೇ ಇತ್ತು.

ಆ ಜಾಗ ನನಗೆ ಬೇಕು.

ಇಂತಿ,
ಬಂದಿದ್ದರೂ ಬಂದಿಲ್ಲವೆಂದು ನೀವು ಬರೆಸಿದ,
ಭಾಗ್ಯಮ್ಮ,
ಮೊದಲ ಸೆಮಿಸ್ಟರ್, ಕಿಟಕಿಯ ಹೊರಗೆ
ಪೀಣ್ಯ, ನವೆಂಬರ್ 1978