ನೀನು ಮಾಡಿದ ಬಾಗಿಲು ವಾಪಸು ಬರುವುದಿಲ್ಲ

ನಿಲಂಗಾ, ಫೆಬ್ರುವರಿ ೧೯೯೫

ಅಣ್ಣಾ,
ನಾಟಕಕ್ಕೆಂದು ನೀನು ಮಾಡಿಕೊಟ್ಟ ಬಾಗಿಲ ಚೌಕಟ್ಟು ಇಲ್ಲೇ ಒಂದು ಹಳ್ಳಿಯಲ್ಲಿ ಉಳಿಯಿತು. ಮುರಿದಿಲ್ಲ, ಬೈಯಬೇಡ. ಭೂಕಂಪವಾದ ಮೇಲೆ ಮನೆಯೊಳಗೆ ಹೋಗಲು ಹೆದರುವವರಿಗೂ ಡಾಕ್ಟರಿದ್ದಾರೆ ಎಂಬುದು ನಮ್ಮ ನಾಟಕ. ಬಯಲಲ್ಲಿ ಚೌಕಟ್ಟು ನಿಲ್ಲಿಸಿದ್ದೇ ತಡ, ಹೆಂಗಸರು ಬಂದು ಹೊಸ್ತಿಲಿಗೆ ವಿಭೂತಿ, ಕುಂಕುಮ ಹಚ್ಚಿ ಪೂಜೆ ಮಾಡಿಬಿಟ್ಟರು. ನಾವು ಚಪ್ಪಲಿ ಬಿಟ್ಟು ಆಡಿದೆವು. ನಾಟಕ ಮುಗಿದಾಗ ಊರವರು, "ನಮ್ಮೂರಾಗ ಯಾರೂ ಅಂಜಂಗಿಲ್ರೀ" ಎಂದರು. ಹಾಗೆಂದವರೆಲ್ಲ ಭೂಕಂಪದಿಂದೀಚೆಗೆ ಅಂಗಳದಲ್ಲೇ ಮಲಗುತ್ತಾರೆ.

ಚೌಕಟ್ಟು ಕೀಳಲು ಹೋದೆವು. ಮಗ ಕಟ್ಟಿಸಿದ ಹೊಸ ಮನೆಗೆ ಇನ್ನೂ ಕಾಲಿಡದ ಸರುಬಾಯಿ ಎಂಬ ಮುದುಕಿ, ಬಲಗಾಲಿಟ್ಟು ನಮ್ಮ ಹೊಸ್ತಿಲು ದಾಟಿ, ಸೆರಗು ಹಾಸಿ ಮಲಗಿಬಿಟ್ಟಳು.

"ಹೊಸ್ತಿಲಾ ಅದ, ಪೂಜಿ ಆಗ್ಯಾದ. ಗ್ವಾಡಿ ಇಲ್ಲ, ಮ್ಯಾಲ ಛತ್ತ ಇಲ್ಲ. ಇನ್ನೇನ್ ಬೀಳ್ತದ, ತಂಗೀ?"

ನಮ್ಮ ಜೊತೆ ಬಂದಿದ್ದ ಡಾಕ್ಟರಮ್ಮ ಹೊರಗೆ ಚಪ್ಪಲಿ ಬಿಟ್ಟು, ಬಾಗಿಲಿಂದಲೇ ಒಳಗೆ ಹೋಗಿ ಅವಳ ಪಕ್ಕ ಕುಳಿತರು.

ನನ್ನ ಕೆಮ್ಮು ಕಡಿಮೆ. ಸೋಮವಾರ ಉದಗೀರದಲ್ಲಿ ನಾಟಕವಿದೆ, ಅಷ್ಟರೊಳಗೆ ಇನ್ನೊಂದು ಚೌಕಟ್ಟು ಬಸ್ಸಿಗೆ ಹಾಕು. ಮೊದಲಿನದರಲ್ಲಿ ಜನ ಇದ್ದಾರೆ.

ನಿನ್ನ ತಂಗಿ
ಶಿವಲೀಲಾ