ಚಹಾದಲ್ಲಿ ಮೆಂತ್ಯದ ವಾಸನೆ

ಅತ್ತೆಯವರ ಪಾದಕ್ಕೆ ಇಲ್ಲಿಂದಲೇ ಬಗ್ಗಿದ್ದೇನೆ.

ಚಹಾ ರುಚಿ ನೋಡುವ ಕೆಲಸಕ್ಕೆ ಸೇರಿಕೊಂಡೆ. ಉದ್ದನೆಯ ಮೇಜಿನ ತುಂಬ ಬಟ್ಟಲುಗಳು. ಕಪ್ಪು, ಹಸಿರು, ಬಿಳಿ ಚಹಾ ಎಲ್ಲ ಉಂಟು. ನಮ್ಮ ಹಾಗೆ ಕುದಿಸಿ ಕುದಿಸಿ ಕಷಾಯ ಮಾಡುವುದಿಲ್ಲ. ಎಲೆಗೆ ಬಿಸಿನೀರು ಹೊಯ್ದು ಮುಚ್ಚಿಡುತ್ತಾರೆ, ಅಷ್ಟೆ.

ಮೊದಲ ದಿನವೇ ಫಜೀತಿ. ನಾನು ಸೋಸಿಟ್ಟ ಬಟ್ಟಲಿಗೆ ಬಾಯಿಡುವ ಮೊದಲೇ ನಮಗೆ ಕೆಲಸ ಕಲಿಸುವ ಹಿರಿಯ ರುಚಿಗಾರರು ಮುಖ ಕಿವುಚಿ, "ಚಹಾಕ್ಕೆ ಮೆಂತ್ಯ ಯಾರು ಹಾಕಿದ್ದು?" ಎಂದರು. ಡಬ್ಬಿ, ಕೆಟಲು, ನೀರು ಎಲ್ಲ ಮೂಸಿದ್ದಾಯಿತು. ಕೊನೆಗೆ ನನ್ನ ಪಕ್ಕ ನಿಂತು, "ಚಹಾ ಅಲ್ಲಮ್ಮ, ನಿನ್ ತಲೆ!" ಎಂದರು. ಊರಿಂದ ಹೊರಡುವಾಗ ನೀವು ನೆತ್ತಿಗೆ ತಟ್ಟಿದ ಮೆಂತ್ಯದ ಎಣ್ಣೆ! ಕೆಲಸ ಹೋಯಿತೆಂದೇ ಚೀಲ ಎತ್ತಿಕೊಂಡೆ. ಪುಣ್ಯಕ್ಕೆ, ತಲೆ ತೊಳೆದು ಬಾ ಎಂದಷ್ಟೇ ಕಳಿಸಿದರು. ಇಲ್ಲಿ ಎಣ್ಣೆ, ಹೂವು, ಅತ್ತರು ಯಾವುದೂ ಕೂಡದು.

ಇಷ್ಟು ಚಹಾ ಕುಡಿದು ಪಿತ್ತ ಏರೀತೆಂದು ಹೆದರಬೇಡಿ, ಎಲ್ಲ ಉಗಿದುಬಿಡುತ್ತೇವೆ. ನೀವು ಮಾತ್ರ ರಕ್ತ ಹೆಚ್ಚಲೆಂದು ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ. ಮೈಗೆ ಹತ್ತುವುದಿಲ್ಲವಂತೆ.

ನಿನ್ನೆ ಆ ಹಿರಿಯರೇ ಮೆಲ್ಲಗೆ ಬಂದು ಕೇಳಿದರು: "ಆ ಎಣ್ಣೆ ಮನೇಲೇ ಕಾಯಿಸೋದಾ? ನಂಗೆ ನಮ್ಮಮ್ಮ ಹಚ್ಚಿದ್ದೇ ಕೊನೆ ಕಣಮ್ಮ, ಆಮೇಲೆ ಈ ಕೆಲಸಕ್ಕೆ ಬಂದ್ಬಿಟ್ಟೆ. ಬರೋ ತಿಂಗಳು ರಿಟೈರ್ ಆಗ್ತೀನಿ. ಒಂದು ಬಾಟ್ಲಿ ತರಿಸ್ಕೊಡ್ತೀಯಾ?"

ಅವರ ತಲೆಯಲ್ಲಿ ಉಳಿದಿರುವುದು ನಾಲ್ಕೇ ಕೂದಲು. ಆದರೂ ದೊಡ್ಡ ಬಾಟಲಿಯನ್ನೇ ಕಳಿಸಿ.

ಅವಸರದಲ್ಲಿ,
ಒಣತಲೆಯ ನಿಮ್ಮ ಸೊಸೆ